ಗುಳಿಯೊಳಗಿನ ತುಕ್ಕಿಗೆ ಹರಳಿನ ಏಟು

ಕುಂದಾಪುರದ ಕಡೆಯಿಂದ ಒಂದು ಹಳೇ ಪ್ರೀಮಿಯರ್ ಪದ್ಮಿನಿ ಕಾರು ತಂದಿದ್ದೆ. ನೋಡೋಕೆ ಮದುವಣಗಿತ್ತಿ ಹಾಗಿತ್ತು. ಹೊಸ ಬಿಳಿ ಪೇಂಟು, ಹೊಳೆಯುವ ಬಂಪರು. ಮನೆಗೆ ತಂದ ಮೇಲೆ ಸುಮ್ನೆ ಒಂದು ಕುತೂಹಲಕ್ಕೆ, ಫ್ರಿಜ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತವನ್ನು ಹಿಂದಿನ ಚಕ್ರದ ಕಮಾನಿಗೆ ಇಟ್ಟೆ. ಅಂಟಲಿಲ್ಲ, ಜಾರಿ ಬಿತ್ತು. ಅಲ್ಲಿ ಇದ್ದದ್ದು ತಗಡಲ್ಲ, ಬೆರಳು ದಪ್ಪದ ಪುಟ್ಟಿ. ಬೂದಿ ಮುಚ್ಚಿದ ಕೆಂಡದ ಹಾಗೆ ಅದರ ಕೆಳಗೆ ತುಕ್ಕು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಸಮುದ್ರದ ಉಪ್ಪುಗಾಳಿ ತಿಂದ ಕಾರುಗಳ ಕಥೆಯೇ ಇಷ್ಟು.

ಪುಟ್ಟಿ ಕಿತ್ತು ಹಾಕಿ, ಗ್ರೈಂಡರಿಗೆ ವೈರ್ ಬ್ರಷ್ ಸಿಕ್ಕಿಸಿ ಉಜ್ಜಿದೆ. ಹತ್ತು ನಿಮಿಷಕ್ಕೆ ತಗಡು ಕನ್ನಡಿಯಂತೆ ಹೊಳೆಯಿತು. ಖುಷಿಯಾಯಿತು. ಆ ಖುಷಿ ಸುಳ್ಳು ಅಂತ ಗೊತ್ತಾಗಿದ್ದು ಭೂತಗನ್ನಡಿ ಹಿಡಿದು ನೋಡಿದಾಗ. ಹೊಳೆಯುವ ತಗಡಿನ ತುಂಬಾ ಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆಗಳು.

ತುಕ್ಕು ತಗಡನ್ನು ಮೇಲಿಂದ ಒಂದೇ ಸಮ ಕೆರೆಯುತ್ತಾ ಹೋಗುವುದಿಲ್ಲ. ಅಲ್ಲಲ್ಲಿ ಗುಳಿ ತೋಡುತ್ತದೆ. ವೈರ್ ಬ್ರಷ್ಷಿನ ತಂತಿಗೂ ಉಪ್ಪುಕಾಗದಕ್ಕೂ ಆ ಗುಳಿಯ ಬಾಯಿ ತುಂಬಾ ಚಿಕ್ಕದು. ಅವು ಗುಡ್ಡದ ನೆತ್ತಿಯನ್ನಷ್ಟೇ ಸವರುತ್ತವೆ, ಕಣಿವೆಗೆ ಇಳಿಯುವುದಿಲ್ಲ. ವೈರ್ ಬ್ರಷ್ ಇನ್ನೂ ಒಂದು ಕಿತಾಪತಿ ಮಾಡುತ್ತದೆ. ತುಕ್ಕನ್ನೇ ಗುಳಿಯೊಳಗೆ ಒತ್ತಿ ನಯ ಮಾಡಿಬಿಡುತ್ತದೆ. ಅದರ ಮೇಲೆ ಪೇಂಟ್ ಹೊಡೆದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗುಳ್ಳೆ ಎದ್ದಿರುತ್ತದೆ. ಯಾಕೆಂದರೆ ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ತಾನು ತಿಂದ ಕಬ್ಬಿಣದ ಎರಡು ಪಟ್ಟಿಗಿಂತಲೂ ಹೆಚ್ಚು ಉಬ್ಬುತ್ತದೆ. ಪೇಂಟನ್ನು ಒಳಗಿಂದ ಎತ್ತಿ ಬಿಸಾಡುವ ಶಕ್ತಿ ಅದಕ್ಕೆ ಬರುವುದು ಹಾಗೆ.

ಗುಳಿಯ ತಳ ಮುಟ್ಟಬೇಕಾದರೆ ಗುಳಿಗಿಂತ ಚಿಕ್ಕದಾದ ಏನಾದರೂ ಬೇಕು. ಗಾಳಿಯ ರಭಸಕ್ಕೆ ಸಿಕ್ಕ ಹರಳು, ಅಷ್ಟೇ. ಈ ಉಪಾಯಕ್ಕೆ ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್ ಪೇಟೆಂಟ್ ತೆಗೆದುಕೊಂಡಿದ್ದು 1870ರಲ್ಲಿ. ಇವತ್ತು ಇಡೀ ಕಾರಿನ ಬಾಡಿಯನ್ನು ಒಂದು ಕೋಣೆಯಲ್ಲಿ ನಿಲ್ಲಿಸಿ ಸ್ಯಾಂಡ್‌ಬ್ಲಾಸ್ಟ್ ಮಾಡುವ ದೊಡ್ಡ ಘಟಕಗಳಿವೆ. ಆದರೆ ಅಂಗೈಯಗಲದ ತುಕ್ಕಿಗೆ ಇಡೀ ಕಾರು ಬಿಚ್ಚಿ ಅಲ್ಲಿಗೆ ಸಾಗಿಸುವುದು ಯಾರಿಗೆ ಬೇಕು? ಕೈಯಲ್ಲಿ ಹಿಡಿಯುವ ಸ್ಪಾಟ್ ಬ್ಲಾಸ್ಟರ್ ಇರುವುದು ಆ ಅಂಗೈಯಗಲಕ್ಕೆ.

ನೋಡೋಕೆ ಪೇಂಟ್ ಗನ್ನಿನ ಅಣ್ಣನಂತಿರುತ್ತದೆ. ಕೆಳಗೆ ಹಿಡಿ, ಅದಕ್ಕೆ ಗಾಳಿಯ ಪೈಪು. ಮುಂದೆ ರಬ್ಬರ್ ಮೂತಿ. ಪಕ್ಕದಲ್ಲೋ ಮೇಲೋ ಒಂದು ದಪ್ಪ ಬಟ್ಟೆಯ ಚೀಲ. ಹಿಂದೆ ಮನೆಗಳಲ್ಲಿ ಸೊಳ್ಳೆ ಔಷಧಿ ಹೊಡೆಯುತ್ತಿದ್ದ ಫ್ಲಿಟ್ ಪಂಪ್ ನೆನಪಿದೆಯಾ? ಪಿಸ್ಟನ್ ತಳ್ಳಿದರೆ ಗಾಳಿ ಸಣ್ಣ ತೂತಿನಿಂದ ಜೋರಾಗಿ ನುಗ್ಗುತ್ತಿತ್ತು, ಆ ಸೆಳೆತಕ್ಕೆ ಡಬ್ಬಿಯ ಔಷಧಿ ಮೇಲೆದ್ದು ತುಂತುರಾಗುತ್ತಿತ್ತು. ಇಲ್ಲೂ ಅದೇ ಕಸುಬು. ಕಂಪ್ರೆಸರಿನ ಗಾಳಿ ಸಣ್ಣ ತೂತಿನಿಂದ ಹಾಯುವಾಗ ಪಕ್ಕದಲ್ಲಿ ಒತ್ತಡ ಇಳಿಯುತ್ತದೆ. ಚೀಲದ ಹರಳು ಅಲ್ಲಿಗೆ ಎಳೆದುಕೊಂಡು ಬಂದು, ಗಾಳಿಯ ಜೊತೆ ಮೂತಿಯಿಂದ ಚಿಮ್ಮುತ್ತದೆ.

ಸ್ಪಾಟ್ ಗನ್ನಿನ ಜಾಣತನ ಇರುವುದು ಮುಂದಿನ ಹೆಜ್ಜೆಯಲ್ಲಿ. ಮೂತಿಯನ್ನು ತಗಡಿಗೆ ಒತ್ತಿ ಹಿಡಿಯಬೇಕು. ಹರಳು ತಗಡಿಗೆ ಬಡಿದು ಪುಟಿದಾಗ ಹೊರಗೆ ಹಾರುವುದಿಲ್ಲ. ಮೂತಿಯ ಸುತ್ತಲಿನ ದಾರಿ ಹಿಡಿದು ಚೀಲಕ್ಕೆ ವಾಪಸ್ ಬರುತ್ತದೆ. ಗಾಳಿ ಬಟ್ಟೆಯಿಂದ ಸೋರಿ ಹೋಗುತ್ತದೆ, ಹರಳು ಕೆಳಗೆ ಬಿದ್ದು ಮತ್ತೆ ಗನ್ನಿಗೆ ಹೋಗುತ್ತದೆ. ಮೂತಿಗಳು ಬೇರೆ ಬೇರೆ ಆಕಾರದಲ್ಲಿ ಬರುತ್ತವೆ. ಚಪ್ಪಟೆ ಜಾಗಕ್ಕೆ ಒಂದು, ಮೂಲೆಯ ಒಳಕ್ಕೆ ಒಂದು, ಅಂಚಿಗೆ ಒಂದು. ಮೂತಿ ಸರಿಯಾಗಿ ಕೂತರೆ ನೆಲದ ಮೇಲೆ ಚೆಲ್ಲುವುದು ಬಹಳ ಕಡಿಮೆ. ಪದ್ಮಿನಿಯ ಮೇಲ್ಛಾವಣಿ ಅಂಚಿನಲ್ಲಿ ಮಳೆನೀರು ಹರಿಯೋಕೆ ಒಂದು ಕಾಲುವೆ ಇದೆ. ಅಲ್ಲಿ ಮಾತ್ರ ಯಾವ ಮೂತಿಯೂ ಸರಿಯಾಗಿ ಕೂರದೆ ನನ್ನ ತಲೆಗೂದಲ ತುಂಬಾ ಹರಳು.

ಒಂದು ಸಲಕ್ಕೆ ಶುದ್ಧವಾಗುವುದು ಒಂದು ರೂಪಾಯಿ ನಾಣ್ಯದಷ್ಟು ಜಾಗ. ಇದನ್ನು ಮರೆತವರೇ ಗನ್ ಕೊಂಡು ಬೈದುಕೊಳ್ಳುವುದು. ಒಂದು ಸಣ್ಣ ಲೆಕ್ಕ ಹಾಕೋಣ. ಕಾರಿನ ಒಂದು ಬಾಗಿಲ ಹೊರಮೈ ಹತ್ತಿರ ಹತ್ತಿರ 8,000 ಚದರ ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ನಾಣ್ಯದ ಅಗಲ 4 ಚದರ ಸೆಂಟಿಮೀಟರಿಗೂ ಸ್ವಲ್ಪ ಕಮ್ಮಿ. ಅಂದರೆ 2,000 ನಾಣ್ಯಕ್ಕಿಂತ ಜಾಸ್ತಿ. ಒಂದೊಂದಕ್ಕೆ 10 ಸೆಕೆಂಡ್ ಹಿಡಿದರೂ ಆರು ಗಂಟೆಗೆ ಹತ್ತಿರ, ಅದೂ ಒಂದೇ ಬಾಗಿಲಿಗೆ. ಅಷ್ಟು ಅಗಲದ ಪೇಂಟ್ ತೆಗೆಯೋಕೆ ಪೇಂಟ್ ರಿಮೂವರ್ ಇದೆ, ಸ್ಯಾಂಡರ್ ಇದೆ. ಅವುಗಳ ಕೈಗೆ ಸಿಗದ ಗುಳಿಗಳಿಗೆ ಮಾತ್ರ ಈ ಗನ್ ಎತ್ತಬೇಕು. ಚಕ್ರದ ಕಮಾನಿನ ಮಡಿಕೆ, ಬಾಗಿಲ ಕೆಳಗಿನ ಅಂಚು, ಬ್ಯಾಟರಿ ಕೂರುವ ತಟ್ಟೆ, ಮುಂದಿನ ಗಾಜಿನ ರಬ್ಬರ್ ಕೆಳಗಿನ ಚೌಕಟ್ಟು. ಹಳೇ ಕಾರಿನಲ್ಲಿ ನೀರು ನಿಲ್ಲುವ ಜಾಗಗಳೂ ಇವೇ ಅಲ್ವಾ?

ಇನ್ನು ಗಾಳಿಯ ಮಾತು. ಗನ್ ಅಗ್ಗ, ಗಾಳಿ ದುಬಾರಿ. ಅಂಗಡಿಯವರು ಇದನ್ನು ಹೇಳುವುದಿಲ್ಲ.

ನಾವು ಒತ್ತಡ ನೋಡುತ್ತೇವೆ. ಪಂಕ್ಚರ್ ಅಂಗಡಿಯ ಚಿಕ್ಕ ಕಂಪ್ರೆಸರೂ 100 ಪಿಎಸ್‌ಐ ಕೊಡುತ್ತದೆ, ಸಾಕು ಅನ್ನಿಸುತ್ತದೆ. ಆದರೆ ಬ್ಲಾಸ್ಟಿಂಗಿಗೆ ಒತ್ತಡದಷ್ಟೇ ಮುಖ್ಯ, ನಿಮಿಷಕ್ಕೆ ಎಷ್ಟು ಗಾಳಿ ಬರುತ್ತದೆ ಅನ್ನುವುದು. ಅದನ್ನು ಸಿಎಫ್‌ಎಂ ಅಂತ ಅಳೆಯುತ್ತಾರೆ, ನಿಮಿಷಕ್ಕೆ ಇಷ್ಟು ಘನ ಅಡಿ ಅಂತ. ಕೊಡದಲ್ಲಿ ನೀರು ತುಂಬಾ ಇದ್ದರೂ ನಲ್ಲಿ ಸಣ್ಣಗೆ ಬರುತ್ತಿದ್ದರೆ ಕೊಡ ಖಾಲಿಯಾದ ಮೇಲೆ ಕಾಯಲೇಬೇಕು. 2 ಮಿಲಿಮೀಟರ್ ತೂತಿನಿಂದ 90 ಪಿಎಸ್‌ಐ ಗಾಳಿ ಬಿಟ್ಟರೆ ಸುಮಾರು 8 ಸಿಎಫ್‌ಎಂ ಖರ್ಚಾಗುತ್ತದೆ. 1 ಎಚ್‌ಪಿ ಕಂಪ್ರೆಸರ್ ನಿಜವಾಗಿ ಕೊಡುವುದು 4ರ ಆಸುಪಾಸು. ಡಬ್ಬದ ಮೇಲೆ ಬರೆದಿರುವ ಅಂಕಿ ಎಷ್ಟೋ ಸಲ ಪಿಸ್ಟನ್ ಎಳೆದುಕೊಳ್ಳುವ ಗಾಳಿಯದ್ದು, ಹೊರಗೆ ಬರುವುದು ಅದಕ್ಕಿಂತ ಕಮ್ಮಿ.

50 ಲೀಟರ್ ಟ್ಯಾಂಕು 8 ಬಾರ್ ತುಂಬಿದೆ ಅನ್ನಿ (ಬಾರ್ ಕೂಡ ಒತ್ತಡದ ಅಳತೆಯೇ, ಒಂದು ಬಾರ್ ಅಂದರೆ ಸುಮಾರು 14.5 ಪಿಎಸ್‌ಐ). ಅದು 5 ಬಾರಿಗೆ ಇಳಿಯುವ ತನಕ ನಿಮಗೆ ಸಿಗುವುದು 150 ಲೀಟರ್ ಗಾಳಿ. ಆ 8 ಸಿಎಫ್‌ಎಂ ಲೆಕ್ಕದಲ್ಲಿ ಗನ್ ನಿಮಿಷಕ್ಕೆ 225 ಲೀಟರ್ ಕುಡಿಯುತ್ತದೆ, 4 ಸಿಎಫ್‌ಎಂ ಪಂಪು 113 ಲೀಟರ್ ತುಂಬುತ್ತದೆ. ಒಂದೂಕಾಲು ನಿಮಿಷದಲ್ಲಿ ಗನ್ ಸೊರಗುತ್ತದೆ. ಆಮೇಲೆ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಕಾಯಬೇಕು. ಗಾಳಿ ಬಂದಾಗ ತೂರಿಕೋ ಅನ್ನುವ ಗಾದೆ ಮಾಡಿದವರ ಮನೆಯಲ್ಲೂ ಚಿಕ್ಕ ಕಂಪ್ರೆಸರ್ ಇದ್ದಿರಬೇಕು! ಅಂಗೈಯಗಲದ ತುಕ್ಕಿಗಾದರೆ ಈ ಕಾಯುವಿಕೆ ಪರವಾಗಿಲ್ಲ, ಪಂಪೂ ತಣ್ಣಗಾಗುತ್ತದೆ. ಅವಸರ ಇದ್ದವರು ಎರಡು ಚಿಕ್ಕ ಕಂಪ್ರೆಸರುಗಳನ್ನು ಒಂದು ಟೀ ಜಾಯಿಂಟಿಗೆ ಸೇರಿಸುತ್ತಾರೆ. ಗನ್ನಿನೊಳಗೆ ದೊಡ್ಡ ತೂತಿನ ಮೂತಿ ಹಾಕಿದರೆ ಬೇಗ ಆಗುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ತೂತಿನ ಅಗಲ ಎರಡು ಪಟ್ಟಾದರೆ ಗಾಳಿ ನಾಲ್ಕು ಪಟ್ಟು ಬೇಕು. ಹರಳು ಒಳಗಿನ ಮೂತಿಯನ್ನೂ ದಿನದಿನ ಸವೆಸುತ್ತಿರುತ್ತದೆ. ಮೊದಲಿನಂತೆ ಏಟು ಬೀಳುತ್ತಿಲ್ಲ ಅನ್ನಿಸಿದರೆ ಕಂಪ್ರೆಸರಿಗೆ ಬೈಯುವ ಮೊದಲು ಆ ಮೂತಿ ನೋಡಿ. ಬರೀ ಉಕ್ಕಿನ ಮೂತಿ ಬೇಗ ಹೋಗುತ್ತದೆ, ಸೆರಾಮಿಕ್ ತಡೆಯುತ್ತದೆ, ಟಂಗ್‌ಸ್ಟನ್ ಕಾರ್ಬೈಡ್ ಇನ್ನೂ ಜಾಸ್ತಿ.

ಕರಾವಳಿಯಲ್ಲಿ ಕೆಲಸ ಮಾಡುವವರಿಗೆ ಗಾಳಿಯ ಜೊತೆ ಇನ್ನೊಂದು ಕಾಟ, ನೀರು. 30 ಡಿಗ್ರಿ ಸೆಖೆಯ, ಜಿಗುಟು ದಿನದಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ 24 ಗ್ರಾಮಿನಷ್ಟು ನೀರಾವಿ ಇರಬಹುದು. ಕಂಪ್ರೆಸರ್ ಆ ಗಾಳಿಯನ್ನು ಹಿಂಡಿದಾಗ ನೀರಿಗೆ ಅಲ್ಲಿ ಜಾಗ ಸಾಲುವುದಿಲ್ಲ. ಮೇಲೆ ಹೇಳಿದ ಆ ಪುಟ್ಟ ಕಂಪ್ರೆಸರೇ ಒಂದು ಗಂಟೆ ಓಡಿದರೆ ಹೋಟೆಲಿನ ಟೀ ಲೋಟ ತುಂಬುವಷ್ಟು ನೀರು ಇಳಿಯುತ್ತದೆ. ಅದರಲ್ಲಿ ಒಂದು ಪಾಲು ಟ್ಯಾಂಕಿನ ತಳಕ್ಕೆ. ಇನ್ನೊಂದು ಪಾಲು ಬಿಸಿ ಆವಿಯಾಗಿಯೇ ಪೈಪಿಗೆ ನುಗ್ಗಿ, ಅಲ್ಲಿ ತಣ್ಣಗಾಗಿ, ಗನ್ನಿನ ಬಾಯಲ್ಲಿ ಹನಿಯಾಗುತ್ತದೆ. ಒದ್ದೆ ಹರಳು ಒದ್ದೆ ಉಪ್ಪಿನ ಹಾಗೆ, ಡಬ್ಬಿ ಎಷ್ಟು ಕುಟ್ಟಿದರೂ ಬೀಳುವುದಿಲ್ಲ. ಗನ್ ಕೆಟ್ಟಿದೆ ಅಂತ ನಾನು ಎರಡು ಸಲ ಪೂರ್ತಿ ಬಿಚ್ಚಿ ಜೋಡಿಸಿದ್ದೇನೆ. ಕೆಟ್ಟಿದ್ದು ಗನ್ನಲ್ಲ, ಜುಲೈ ತಿಂಗಳು.

ಪರಿಹಾರ ಸುಲಭವೇ. ನೀರು ಹಿಡಿಯುವ ಫಿಲ್ಟರನ್ನು ಕಂಪ್ರೆಸರಿನ ಬುಡದಲ್ಲಿ ಹಾಕಬೇಡಿ, ಅಲ್ಲಿ ಗಾಳಿ ಇನ್ನೂ ಬಿಸಿ ಇರುತ್ತದೆ. ಹತ್ತು ಮೀಟರ್ ಪೈಪ್ ಹರಿದು ತಣ್ಣಗಾದ ಮೇಲೆ, ಗನ್ನಿನ ಹತ್ತಿರ ಹಾಕಿ. ಟ್ಯಾಂಕಿನ ತಳದ ತಿರುಪನ್ನು ದಿನಾ ತಿರುಗಿಸಿ ನೀರು ಬಿಡಿ. ಹರಳನ್ನು ಬಿಸಿಲಿಗೆ ಹರಡಿ, ಡಬ್ಬಿಯಲ್ಲಿ ಮುಚ್ಚಿಡಿ. ಕೆಲಸವನ್ನು ಜನವರಿ, ಫೆಬ್ರವರಿಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಹೆಸರು ಸ್ಯಾಂಡ್‌ಬ್ಲಾಸ್ಟರ್ ಆದರೂ ಅದಕ್ಕೆ ಹಾಕಬಾರದ ವಸ್ತು ಯಾವುದು ಗೊತ್ತಾ? ಮರಳು. ಹೊಳೆ ಮರಳು, ಕಡಲ ಮರಳು, ಎಂ ಸ್ಯಾಂಡ್, ಯಾವುದೂ ಬೇಡ. ಇವುಗಳಲ್ಲಿ ಸಿಲಿಕಾ ಇರುತ್ತದೆ. ಆ ಹರಳು ತಗಡಿಗೆ ಬಡಿದು ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗುತ್ತದೆ. ಅಪಾಯದ ಕಣಗಳು 10 ಮೈಕ್ರಾನಿಗಿಂತ ಚಿಕ್ಕವು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ನಮ್ಮ ಕೂದಲೆಳೆಯ ದಪ್ಪ 70ರ ಆಸುಪಾಸು. ಮೂಗು ತಡೆಯದ ಈ ಪುಡಿ ಪುಪ್ಪುಸದ ಕೊನೆಯ ಗೂಡಿನವರೆಗೆ ಹೋಗಿ ಕೂರುತ್ತದೆ, ಅಲ್ಲಿ ಗಾಯ ಮಾಡಿ ಗಟ್ಟಿ ಮಾಡುತ್ತದೆ. ಸಿಲಿಕೋಸಿಸ್ ಅಂದರೆ ಅದೇ. ವಾಸಿಯಾಗುವ ರೋಗವಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ದುಡಿದ ಮನೆತನಗಳಿಗೆ ಈ ಹೆಸರನ್ನು ಯಾರೂ ಪರಿಚಯಿಸಬೇಕಿಲ್ಲ. ಎರಕದ ಸಾಮಾನುಗಳ ಬ್ಲಾಸ್ಟಿಂಗಿಗೆ ಮರಳು ಬಳಸುವುದನ್ನು ಬ್ರಿಟನ್ 1949ರಲ್ಲೇ ನಿಷೇಧಿಸಿತು. ಜೀನ್ಸ್ ಪ್ಯಾಂಟಿಗೆ ಮಾಸಿದ ನೋಟ ಕೊಡೋಕೆ ಮರಳು ಹೊಡೆಯುತ್ತಿದ್ದ ಟರ್ಕಿಯ ಯುವಕರು ಇದೇ ರೋಗಕ್ಕೆ ಬಲಿಯಾದ ಮೇಲೆ, ಅಲ್ಲಿನ ಸರ್ಕಾರ 2009ರಲ್ಲಿ ಆ ಕೆಲಸವನ್ನು ನಿಲ್ಲಿಸಿತು.

ಹಾಗಾದರೆ ಚೀಲಕ್ಕೆ ಏನು ತುಂಬುವುದು? ನನ್ನ ಮತ ಅಲ್ಯೂಮಿನಿಯಂ ಆಕ್ಸೈಡಿಗೆ. ಗಡಸುತನದ ಮೋಸ್ ಅಳತೆಯಲ್ಲಿ ವಜ್ರಕ್ಕೆ 10 ಅಂಕ, ಇದಕ್ಕೆ 9. ಅಂಚು ಚೂಪು, ಬೇಗ ಪುಡಿಯಾಗುವುದಿಲ್ಲ. ಅದೇ ಹರಳು ಸುತ್ತಿ ಸುತ್ತಿ ಬರುವ ಸ್ಪಾಟ್ ಗನ್ನಿಗೆ ಇದು ಹೇಳಿ ಮಾಡಿಸಿದ್ದು. ಗಾರ್ನೆಟ್ ಕೂಡ ಚೆನ್ನಾಗಿದೆ. ಕಡಲ ಮರಳಿನಲ್ಲೇ ಸಿಗುವ ಕೆಂಪು ಹರಳು ಅದು, ತಮಿಳುನಾಡಿನ ತೆಂಕಣ ಕರಾವಳಿಯಲ್ಲೂ ಒಡಿಶಾದಲ್ಲೂ ಇದೆ. 80ರಿಂದ 120 ಮೆಶ್ ಗಾತ್ರ ಕಾರಿನ ತಗಡಿಗೆ ಸಾಕು (ಮೆಶ್ ಅನ್ನುವುದು ಜರಡಿಯ ಲೆಕ್ಕ, ಅಂಕಿ ಏರಿದಷ್ಟೂ ಹರಳು ಸಣ್ಣ). ಅದಕ್ಕಿಂತ ದಪ್ಪ ಹರಳು ತಗಡನ್ನು ತೀರಾ ಒರಟು ಮಾಡುತ್ತದೆ, ಚಿಕ್ಕ ಮೂತಿಯಲ್ಲಿ ಸಿಕ್ಕಿಯೂ ಬೀಳುತ್ತದೆ. ಗಾಜಿನ ಮಣಿ ದುಂಡಗಿರುತ್ತದೆ. ಅದು ಕೆತ್ತುವುದಿಲ್ಲ, ತಟ್ಟಿ ಹೊಳಪು ಕೊಡುತ್ತದೆ. ಅಲ್ಯೂಮಿನಿಯಂ ಭಾಗಗಳಿಗೆ ಚೆನ್ನ, ಗುಳಿಯ ತುಕ್ಕಿಗೆ ಪ್ರಯೋಜನವಿಲ್ಲ. ಅಡುಗೆ ಸೋಡಾ ಪೇಂಟ್ ತೆಗೆಯುತ್ತದೆ, ತುಕ್ಕು ತೆಗೆಯುವಷ್ಟು ತಾಕತ್ತು ಅದಕ್ಕಿಲ್ಲ.

ಸಿಲಿಕಾ ಇಲ್ಲ ಅಂದ ಮಾತ್ರಕ್ಕೆ ಮಾಸ್ಕ್ ಬೇಡ ಅಂತಲ್ಲ. ಚೀಲದ ಬಟ್ಟೆ ಹರಳನ್ನು ಹಿಡಿಯುತ್ತದೆ, ನುಣ್ಣನೆ ಧೂಳನ್ನು ಪೂರ್ತಿ ಹಿಡಿಯುವುದಿಲ್ಲ. ಹಳೇ ಕಾರಿನ ಪೇಂಟಿನಲ್ಲಿ ಸೀಸವೂ ಇರಬಹುದು. ಮುಖಕ್ಕೆ ಕರವಸ್ತ್ರ ಕಟ್ಟಿಕೊಳ್ಳುವುದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು. ನುಣ್ಣನೆ ಧೂಳನ್ನೂ ತಡೆಯುವ ಪಿ100 ಫಿಲ್ಟರ್ ಇರುವ ಅರ್ಧ ಮುಖದ ರಬ್ಬರ್ ಮಾಸ್ಕ್, ಪಕ್ಕವೂ ಮುಚ್ಚುವ ಕನ್ನಡಕ, ಕೈಗವಸು, ಕಿವಿಗೆ ಮಫ್ ಬೇಕು. ಮಕ್ಕಳು ಆಡುವ ಅಂಗಳದಲ್ಲಿ ಈ ಕೆಲಸ ಬೇಡ.

ಈಗ ಹೊಡೆಯುವ ರೀತಿ. ಬ್ಲಾಸ್ಟಿಂಗ್ ಮಾಡಿದರೆ ತಗಡು ಬಿಸಿಯಾಗಿ ಸೊಟ್ಟಗಾಗುತ್ತದೆ ಅಂತ ಗ್ಯಾರೇಜುಗಳಲ್ಲಿ ಹೇಳುವುದುಂಟು. ಸೊಟ್ಟಗಾಗುವುದು ನಿಜ, ಆದರೆ ಬಿಸಿ ಅದಕ್ಕೆ ಮುಖ್ಯ ಕಾರಣ ಅಲ್ಲ. ಅಕ್ಕಿ ರೊಟ್ಟಿ ತಟ್ಟುವಾಗ ಪ್ರತಿ ತಟ್ಟಿಗೂ ಹಿಟ್ಟು ಸ್ವಲ್ಪ ಅಗಲವಾಗುತ್ತದಲ್ಲ, ಪ್ರತಿ ಹರಳೂ ತಗಡಿನ ಮೇಲ್ಮೈಯನ್ನು ಹಾಗೇ ತಟ್ಟಿ ಹಿಗ್ಗಿಸುತ್ತದೆ. ಹಿಂದಿನ ಮೈ ಹಿಗ್ಗುವುದಿಲ್ಲ. ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಾಗೇ ಉಳಿದರೆ ತಗಡು ಬಿಸಿಲಿಗಿಟ್ಟ ಹಪ್ಪಳದ ಹಾಗೆ ಡೊಂಕಾಗುತ್ತದೆ. ಬಾನೆಟ್, ಮೇಲ್ಛಾವಣಿ, ಬಾಗಿಲ ನಡುಭಾಗ ಇಂಥ ಚಪ್ಪಟೆ ಜಾಗದಲ್ಲಿ ಅಪಾಯ ಜಾಸ್ತಿ. ಅಲ್ಲಿನ ತಗಡು ಒಂದು ಮಿಲಿಮೀಟರಿಗಿಂತಲೂ ತೆಳು, ಹಿಂದೆ ಆಧಾರವೂ ಇರುವುದಿಲ್ಲ. ಮಡಿಕೆ, ಅಂಚು, ಮೂಲೆಗಳಲ್ಲಿ ಆಕಾರವೇ ತಗಡನ್ನು ಹಿಡಿದಿಡುತ್ತದೆ. ಅದೃಷ್ಟಕ್ಕೆ ತುಕ್ಕು ಜಾಸ್ತಿ ಇರುವುದೂ ಅಲ್ಲೇ.

ಆದ್ದರಿಂದ 40 ಪಿಎಸ್‌ಐನಿಂದ ಶುರು ಮಾಡಿ. ತುಕ್ಕು ಹೋಗುತ್ತಿಲ್ಲ ಅಂದರೆ ಮಾತ್ರ ಏರಿಸಿ, 60 ದಾಟುವ ಮೊದಲು ಇನ್ನೊಂದು ಸಲ ಯೋಚಿಸಿ. ಒಂದೇ ಜಾಗದಲ್ಲಿ ಮೂತಿ ಒತ್ತಿ ನಿಲ್ಲಬೇಡಿ. ಎರಡು ಮೂರು ಸೆಕೆಂಡಿಗೊಮ್ಮೆ ಸರಿಸುತ್ತಾ, ಮತ್ತೆ ಬರುತ್ತಾ ಹೋಗಿ. ಮೂತಿ ಎತ್ತುವ ಮೊದಲು ಟ್ರಿಗರ್ ಬಿಡಿ, ಇಲ್ಲದಿದ್ದರೆ ಹರಳು ಮುಖಕ್ಕೇ. ಗುಳಿಯ ತಳ ಬೂದು ಬಣ್ಣಕ್ಕೆ ಬಂದರೆ ಅಲ್ಲಿಗೆ ಸಾಕು. ಮೆತ್ತಗಿನ ಡಾಂಬರ್ ಲೇಪ ಇದ್ದರೆ ಮೊದಲೇ ಕೆರೆದು ತೆಗೆಯಿರಿ. ಗಡಸು ಹರಳೂ ಮೆತ್ತಗಿನದ್ದರ ಮೇಲೆ ಪುಟಿದು ಬರುತ್ತದೆ, ಕಲ್ಲನ್ನು ಹಾಸಿಗೆಗೆ ಎಸೆದಂತೆ. ಗ್ರೀಸ್ ಇದ್ದರಂತೂ ಒರೆಸದೆ ಶುರು ಮಾಡಲೇಬೇಡಿ. ಇಲ್ಲಿ ಅದೇ ಹರಳು ಮತ್ತೆ ಮತ್ತೆ ಸುತ್ತುತ್ತದೆ. ಒಮ್ಮೆ ಚೀಲಕ್ಕೆ ಎಣ್ಣೆ ಸೇರಿತೋ, ಆಮೇಲೆ ಹೊಡೆದ ಕಡೆಯೆಲ್ಲಾ ಎಣ್ಣೆ ಮೆತ್ತುತ್ತೀರಿ. ವಾಪಸ್ ಬಂದ ಹರಳಿನಲ್ಲಿ ಪೇಂಟಿನ ಚೂರೂ ಇರುತ್ತದೆ. ಮತ್ತೆ ತುಂಬುವಾಗ ಹಳೇ ಟೀ ಸೋಸುವ ಜಾಲರಿಯಲ್ಲಿ ಸೋಸಿದರೆ ಮೂತಿ ಕಟ್ಟುವುದಿಲ್ಲ.

ಗಾಜು, ಕ್ರೋಮು, ರಬ್ಬರ್ ಬೀಡಿಂಗ್ ಮುಚ್ಚಿಕೊಳ್ಳಿ. ಟೇಪ್ ಸಾಲುವುದಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಬಿಸಾಡುವ ಟ್ಯೂಬ್ ಕತ್ತರಿಸಿ ಅಂಟಿಸಿ, ಹರಳನ್ನು ರಬ್ಬರಿನಷ್ಟು ಚೆನ್ನಾಗಿ ತಡೆಯುವುದು ಕಷ್ಟ. ಚಾಸಿ ನಂಬರ್ ಕೆತ್ತಿದ ಜಾಗಕ್ಕೆ ಹೋಗಲೇಬೇಡಿ. ಆ ಅಕ್ಷರ ಮಾಸಿದರೆ ಆರ್‌ಟಿಓ ಕಚೇರಿಯಲ್ಲಿ ವಿವರಿಸುವ ಕಷ್ಟ ತುಕ್ಕಿಗಿಂತ ದೊಡ್ಡದು. ಪೆಟ್ರೋಲ್ ಟ್ಯಾಂಕಿನ ಹತ್ತಿರವೂ ಬೇಡ, ಖಾಲಿ ಟ್ಯಾಂಕಿನ ಹತ್ತಿರ ಇನ್ನೂ ಬೇಡ. ಒಣ ಹರಳು ಪೈಪಿನಲ್ಲಿ ಉಜ್ಜುವಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ, ಕೈಗೆ ಚುರುಕ್ ಅನ್ನುತ್ತದೆ. ಪೆಟ್ರೋಲ್ ಆವಿಗೆ ಆ ಕಿಡಿ ಸಾಕು.

ಇನ್ನೊಂದು ಮಿತಿ ಇದೆ. ಗನ್ ಎದುರಿಗೆ ಕಂಡದ್ದನ್ನು ಮಾತ್ರ ಶುದ್ಧ ಮಾಡುತ್ತದೆ. ಎರಡು ತಗಡು ಒಂದರ ಮೇಲೊಂದು ಕೂತು ವೆಲ್ಡ್ ಆಗಿರುವ ಕಡೆ, ನಡುವಿನ ತುಕ್ಕು ಅದರ ಕೈಗೆ ಸಿಗುವುದಿಲ್ಲ. ಹರಳು ಮಾತ್ರ ಅಂಥ ಸಂದಿಗೆ ಧಾರಾಳವಾಗಿ ಹೋಗಿ ಕೂರುತ್ತದೆ. ವ್ಯಾಕ್ಯೂಮ್ ಹಾಕಿ, ಗಾಳಿ ಊದಿ ತೆಗೆಯದಿದ್ದರೆ ಪೇಂಟ್ ಹೊಡೆಯುವ ದಿನ ಹಾರಿ ಬಂದು ಹಸಿ ಪೇಂಟಿನ ಮೇಲೆ ಕೂರುತ್ತದೆ.

ಬ್ಲಾಸ್ಟ್ ಆದ ತಗಡು ಬಟ್ಟೆ ಬಿಚ್ಚಿದ ಎಳೆಮಗುವಿನಂತೆ. ಬೂದು, ಸ್ವಲ್ಪ ಒರಟು, ಮೈಮೇಲೆ ಏನೂ ಇಲ್ಲ. ಪೇಂಟಿಗೂ ಮೊದಲು ಹೊಡೆಯುವ ಪ್ರೈಮರ್ ಹಿಡಿದುಕೊಳ್ಳೋಕೆ ಆ ಒರಟೇ ಬೇಕು. ಆದರೆ ತೇವ ಹಿಡಿಯೋಕೂ ಅದೇ ಅನುಕೂಲ. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪಿಗೆ ಮಾರನೇ ದಿನ ಬೆರಳಚ್ಚು ಕಂದು ಬಣ್ಣದಲ್ಲಿ ಮೂಡಿರುತ್ತದೆ. ಮಳೆಗಾಲದಲ್ಲಾದರೆ ಸಂಜೆಯೊಳಗೇ ಹೊಸ ತುಕ್ಕಿನ ಛಾಯೆ ಕಾಣುತ್ತದೆ. ಹಾಗಾಗಿ ಪ್ರೈಮರ್ ಕಲಸಿಡುವ ವ್ಯವಸ್ಥೆ ಮೊದಲು, ಬ್ಲಾಸ್ಟಿಂಗ್ ಆಮೇಲೆ. ಗಾಳಿ ಊದಿ, ಶುದ್ಧ ಬಟ್ಟೆಗೆ ಥಿನ್ನರ್ ಹಾಕಿ ಒರೆಸಿ, ಮೂರು ನಾಲ್ಕು ಗಂಟೆಯೊಳಗೆ ಎರಡು ಡಬ್ಬಿ ಕಲಸುವ ಎಪಾಕ್ಸಿ ಪ್ರೈಮರ್ ಹೊಡೆದುಬಿಡಿ.

ಕರಾವಳಿಯ ಕಾರಿಗೆ ಮಾತ್ರ ನಾನು ಬೇಕಂತಲೇ ಈ ಅವಸರ ಮುರಿಯುತ್ತೇನೆ. ಮೊದಲ ದಿನ ಬ್ಲಾಸ್ಟ್ ಮಾಡಿ ರಾತ್ರಿ ಹಾಗೇ ಬಿಡುತ್ತೇನೆ. ಗುಳಿಯ ತಳದಲ್ಲಿ ಸಮುದ್ರದ ಉಪ್ಪು ಉಳಿದಿದ್ದರೆ ಅದು ತೇವ ಎಳೆದುಕೊಂಡು, ಬೆಳಗಾಗುವಷ್ಟರಲ್ಲಿ ಆ ಗುಳಿ ಮಾತ್ರ ಕಪ್ಪಾಗಿರುತ್ತದೆ. ಆಗ ಶುದ್ಧ ನೀರಿನಲ್ಲಿ ತೊಳೆದು, ಬಿಸಿಗಾಳಿಯಲ್ಲಿ ತಕ್ಷಣ ಒಣಗಿಸಿ, ಮತ್ತೆ ಒಂದು ಸುತ್ತು ಹೊಡೆಯಬೇಕು. ಪದ್ಮಿನಿಯ ಎಡಗಡೆ ಕಮಾನಿಗೆ ಹೀಗೆ ಮೂರು ಸುತ್ತು ಬೇಕಾಯಿತು.

ಮೂರನೇ ಸುತ್ತು ಮುಗಿದ ಸಂಜೆ ಚಕ್ರದ ಒಳಗಡೆ ಟಾರ್ಚ್ ಇಟ್ಟು, ಗ್ಯಾರೇಜಿನ ದೀಪ ಆರಿಸಿ ನೋಡಿದೆ. ವೈರ್ ಬ್ರಷ್ ಹೊಡೆದಾಗ ಗಟ್ಟಿ ಇದೆ ಅಂದುಕೊಂಡಿದ್ದ ತಗಡಿನಲ್ಲಿ ಹನ್ನೊಂದು ತೂತು ಮಿನುಗುತ್ತಿದ್ದವು. ಹರಳು ಆ ತೂತು ಮಾಡಲಿಲ್ಲ, ಇದ್ದ ತೂತುಗಳ ಮುಚ್ಚಳ ತೆಗೆಯಿತು. ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದೆ. ಗೆರೆಯ ಎರಡು ಬೆರಳಾಚೆಯಿಂದ ಎಪಾಕ್ಸಿ ಪ್ರೈಮರ್ ಹೊಡೆದು, ಒಳಗಿನ ಭಾಗ ಬೋಳಾಗಿಯೇ ಬಿಟ್ಟೆ. ಬೆಳಿಗ್ಗೆ ಟಿಂಕರ್ ಬಂದು ಅಷ್ಟನ್ನು ಕತ್ತರಿಸಿ, ಹೊಸ ತಗಡು ಕೂರಿಸಿ ವೆಲ್ಡ್ ಮಾಡಿದರು.